ಕಂಪ್ಯೂಟರಿನ ಬಿ.ಪಿ. ನೋಡಿದ ಭಾನುವಾರ

ಏಪ್ರಿಲ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಹಿಂದವಾಡಿಯ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು ಮೂವರು: ನಾನು, ವಿದ್ಯುತ್ ಇಲಾಖೆಯಲ್ಲಿ ಲೈನಿನ ಕೆಲಸ ಮಾಡಿ ನಿವೃತ್ತನಾದ ನನ್ನ ತಮ್ಮ, ಮತ್ತು ಹಿಂದಿನ ಸಂಜೆ ತನ್ನ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿಕೊಂಡು ಖಾನಾಪುರದಿಂದ ಬಂದಿದ್ದ ನಮ್ಮ ತಂಗಿಯ ಮಗಳು. ಮೇಜಿನ ಮೇಲೆ ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಅದರ ಮೇಲೆ ಮುಚ್ಚಳ ಬಿಚ್ಚಿದ ಕಂಪ್ಯೂಟರ್, ಕೊಳವೆಗಳು, ಕ್ಲಿಪ್ಪುಗಳು, ಒಂದು ಪುಟ್ಟ ಪಂಪು, ಗಾಜಿನಂಥ ಪ್ಲಾಸ್ಟಿಕ್ಕಿನ ಒಂದು ಟ್ಯಾಂಕು, ಮತ್ತು ನನ್ನ ಬಿ.ಪಿ. ನೋಡುವ ಸಾಧನ.

ಹೀಗೆ ದಿನ, ಹೊತ್ತು, ಹಾಜರಿ ಹೇಳಿ ಶುರು ಮಾಡುವುದು ಥಿಯೇಟರಿನ ಪದ್ಧತಿ. ಸಿನಿಮಾ ಥಿಯೇಟರಲ್ಲ, ಆಪರೇಷನ್ ಥಿಯೇಟರು. ನನ್ನ ಸೇವೆಯೆಲ್ಲ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ, ಅದೇ ಥಿಯೇಟರಿನ ಸಿಸ್ಟರ್ ಆಗಿ ಕಳೆಯಿತು. ನಿವೃತ್ತಿಯಾದ ಮೇಲೆ ಮನೆಯವರು ನನ್ನಿಂದ ಈ ಪದ್ಧತಿ ಬಿಡಿಸಲು ಬಹಳ ನೋಡಿದರು. ಚಪಾತಿ ಲಟ್ಟಿಸುವ ಮೊದಲು ಮೊಳಕೈವರೆಗೆ ಕೈ ತೊಳೆಯುತ್ತೇನೆಂದು ನಕ್ಕರು. ನಗಲಿ. ನಾನು ಬಿಡಲಿಲ್ಲ.

ಆ ದಿನದ ಕೆಲಸ ಇಷ್ಟು. ಕಂಪ್ಯೂಟರಿನ ಬಿಸಿಯನ್ನು ಗಾಳಿಯಿಂದಲ್ಲ, ನೀರಿನಿಂದ ಹೊರಗೆ ಒಯ್ಯುವುದು. ಒಂದು ಹನಿಯೂ ಸೋರಬಾರದು.

ಯಾಕೆ ಎಂದು ಹೇಳಬೇಕು. ನಮ್ಮ ಹುಡುಗಿಯ ಗಂಡ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಅವನು ಊರೂರು ತಿರುಗಿ ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ, ನೋಡುವಂಥ ಚಿತ್ರ ಮಾಡಿಕೊಡುವವಳು ಇವಳು. ಮನೆತನದ ಮೂಲ ಕೆಲಸ ಮಣ್ಣಿನದು. ಗಂಡನ ಅಣ್ಣ, ಅಂದರೆ ಇವಳ ಭಾವ, ಖಾನಾಪುರದಲ್ಲಿ ಹಂಚು, ಹೂವಿನ ಕುಂಡ, ಗಡಿಗೆ ಮಾಡಿಸುವ ಕಾರ್ಖಾನೆ ನಡೆಸುತ್ತಾರೆ. ಕಾರ್ಖಾನೆಯ ಅಂಗಳದ ಬಾಜುವಿನಲ್ಲಿ ಒಂದು ತಗಡಿನ ಕೋಣೆ. ಇವಳು ಕೆಲಸ ಮಾಡುವುದು ಅಲ್ಲಿ.

ಮಣ್ಣು ಅರೆಯುವ ಯಂತ್ರ ಶುರುವಾದರೆ ಅಂಗಳದ ತುಂಬ ಕೆಂಪು ಧೂಳು ಏಳುತ್ತದೆ. ಕಂಪ್ಯೂಟರಿನ ಪಂಖಾ ಆ ಧೂಳನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬಿಚ್ಚಿ, ಬ್ರಶ್ ಹಾಕಿ ಸ್ವಚ್ಛ ಮಾಡಿದರೆ ವಾರದೊಳಗೆ ಮತ್ತೆ ಅದೇ ಗತಿ. ಬೇಸಿಗೆ ಬಂದ ಮೇಲೆ ಮಧ್ಯಾಹ್ನದ ಹೊತ್ತಿಗೆ ಯಂತ್ರ ಕಾದು ತನ್ನಷ್ಟಕ್ಕೆ ತಾನೇ ಬಂದಾಗುತ್ತಿತ್ತು. ಲಗ್ನದ ಸೀಜನ್ನಿನಲ್ಲೇ ಹೀಗಾದರೆ ಹೇಗೆ? ಚಿತ್ರ ತಯಾರಿಲ್ಲವೆಂದು ಮದುವೆ ಮನೆಯವರು ಬಂದು ಬರಿಗೈಯಲ್ಲಿ ಹೋದದ್ದೂ ಆಯಿತು. ಕೊನೆಗೆ ಭಾವ ಒಂದು ಮಾತು ಹೇಳಿದರು. ಯಂತ್ರ ಬರೀ ಮಲಗುವುದಾದರೆ ಆ ಕೋಣೆ ತನಗೆ ಬೇಕು, ಮಣ್ಣಿನ ಚೀಲ ಇಡುತ್ತೇನೆ. ಈ ಭಾನುವಾರ ಸಂಜೆ ಒಂದು ಹೆಣ್ಣಿನ ಮನೆಯವರು ಬರುವವರಿದ್ದಾರೆ. ಅವರ ಕೈಗೆ ಚಿತ್ರ ಸಿಕ್ಕರೆ ಕೋಣೆ ಇವಳದು. ಸಿಗದಿದ್ದರೆ ಸೋಮವಾರ ಚೀಲ ಒಳಗೆ. ಚೀಲಗಳನ್ನು ಶನಿವಾರವೇ ಬಾಗಿಲ ಬದಿಗೆ ತಂದು ಒಟ್ಟಿಸಿದ್ದರು. ಪೇಟೆಯಲ್ಲಿ ಬೇರೆ ಜಾಗ ಹಿಡಿಯುವ ಸ್ಥಿತಿಯಲ್ಲಿ ಗಂಡ ಹೆಂಡತಿ ಇರಲಿಲ್ಲ. ಕೋಣೆ ಹೋದರೆ ಇವಳ ಕೆಲಸ ಹೋದಂತೆ.

ನೀರಿನ ಉಪಾಯ ನನ್ನದು. ಬೇಡ ಎಂದವರು ಎಲ್ಲರೂ. ಬೆಳಗಾವಿಯ ಕಂಪ್ಯೂಟರ್ ಅಂಗಡಿಯ ಹುಡುಗ ಮೊದಲನೆಯವನು.

"ಆಂಟಿ, ನೀವ್ಯಾಕ ಈ ತ್ರಾಸ ತಗೋತೀರಿ? ನೀರು ಹಾಕಿದ್ರ ಗ್ಯಾರಂಟಿ ಹೋಗತೈತ್ರಿ."

"ಗ್ಯಾರಂಟಿ ಇದ್ದಾಗೂ ಮಧ್ಯಾಹ್ನ ಬಂದ್ ಆಗತಿತ್ತು. ಆಗ ಆ ಗ್ಯಾರಂಟಿ ಎದ್ದು ಗಾಳಿ ಬೀಸಿತೇನು?"

ಅವನು ರೆಡಿಮೇಡ್ ನೀರಿನ ಕೂಲರ್ ತೋರಿಸಿದ. ಅದರ ರೇಡಿಯೇಟರು ಕೂರುವುದು ಕಂಪ್ಯೂಟರಿನ ಪೆಟ್ಟಿಗೆಯೊಳಗೇ. ಅದೂ ಆ ಕೆಂಪು ಧೂಳನ್ನೇ ಎಳೆಯಬೇಕು. ನನಗೆ ಬೇಕಾದದ್ದು ಬೇರೆ. ರೇಡಿಯೇಟರು ಕೋಣೆಯ ಹಿಂಗೋಡೆಯ ಹೊರಗೆ, ನೆರಳಿನಲ್ಲಿ. ಕಂಪ್ಯೂಟರಿನ ಪೆಟ್ಟಿಗೆ ಒಳಗೆ, ಮುಚ್ಚಿ. ನಡುವೆ ಗೋಡೆಯ ತೂತಿನಲ್ಲಿ ಎರಡು ಕೊಳವೆ: ಬಿಸಿ ನೀರು ಹೊರಗೆ ಹೋಗಲು ಒಂದು, ತಣ್ಣಗಾಗಿ ಬರಲು ಇನ್ನೊಂದು. ಹೊರಗಿನ ರೇಡಿಯೇಟರಿಗೆ ಧೂಳು ಹತ್ತಿದರೆ ಕೊಡ ನೀರು ಸುರಿದು ತೊಳೆದರಾಯಿತು. ನಾನು ತಿಂಗಳುಗಟ್ಟಲೆ ಓದಿ, ವಿಡಿಯೋ ನೋಡಿ, ಚಿತ್ರ ಬರೆದು ತೀರ್ಮಾನಿಸಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಬೀದಿಯ ಹೆಂಗಸರೂ ಕೇಳಿದರು. ಈ ವಯಸ್ಸಿನಲ್ಲಿ ನನಗೆ ಪುರಸೊತ್ತು ಇದೆ, ಅದಕ್ಕೆ, ಎಂದೆ.

ಎಲ್ಲರಿಗಿಂತ ದೊಡ್ಡ ದನಿ ನನ್ನ ತಮ್ಮನದು. ಆ ಬೆಳಿಗ್ಗೆಯೂ ಚಹಾದ ಬಟ್ಟಲು ಹಿಡಿದು ಅದನ್ನೇ ಎತ್ತಿದ.

"ಅಕ್ಕ, ಸರ್ವೀಸ್ ಪೂರಾ ನಾ ಒಂದ ಮಾತು ಹೇಳಿ ಹೊಟ್ಟಿ ಹೊರಕೊಂಡೀನಿ. ನೀರು, ಕರೆಂಟು ಒಂದ ಕಡೆ ಬರಬಾರದು. ನೀ ಎರಡನ್ನೂ ಒಂದ ಡಬ್ಬ್ಯಾಗ ಹಾಕಾಕತ್ತಿ."

"ಮನಷ್ಯಾನ ಮೈಯಾಗ ಏನೈತಿ? ನೀರೂ ಐತಿ, ಕರೆಂಟೂ ಐತಿ. ಇಸಿಜಿ ಒಳಗ ಏನ ನೋಡತಾರ ಮತ್ತ?"

"ಅದು ಕಂಪನಿಯಿಂದನ ಫಿಟ್ ಆಗಿ ಬಂದಿರತೈತಿ. ಇದು ನಿನ್ನ ಕೈಲೆ ಆಗಾಕತ್ತೈತಿ."

"ನನ್ನ ಕೈಯಾಗ ಬಿಚ್ಚಿ ಹೊಲದು ಮನಿಗೆ ನಡಕೋತ ಹೋದವರು ಭಾಳ ಮಂದಿ ಅದಾರ. ಬಟ್ಟಲು ಮೇಜಿನ ಮ್ಯಾಲಿಂದ ತಗಿ."

ತೆಗೆದ.

ನನ್ನ ನಿಯಮಗಳು ಕಟ್ಟುನಿಟ್ಟು. ಪೆಟ್ಟಿಗೆಯೊಳಗೆ ಕೊಳವೆಯ ಜೋಡಣೆ ಎರಡೇ ಇರಬೇಕು, ಕಂಪ್ಯೂಟರಿನ ಮುಖ್ಯ ಚಿಪ್ ಮೇಲೆ ಕೂರುವ ತಾಮ್ರದ ತಟ್ಟೆಗೆ ನೀರು ಬರುವುದು ಒಂದು, ಹೋಗುವುದು ಒಂದು. ಪಂಪು, ಟ್ಯಾಂಕು, ಉಳಿದ ಜೋಡಣೆಗಳೆಲ್ಲ ಪೆಟ್ಟಿಗೆಯ ಹೊರಗೆ, ಕಂಪ್ಯೂಟರಿಗಿಂತ ಕೆಳಗೆ, ಸ್ಟೀಲಿನ ತಟ್ಟೆಯಲ್ಲಿ. ತಾಮ್ರದ ಜೊತೆ ತಾಮ್ರ, ಹಿತ್ತಾಳೆ ಮಾತ್ರ. ಅಲ್ಯುಮಿನಿಯಂ ಸೇರಿದರೆ ಒಂದು ಲೋಹ ಇನ್ನೊಂದನ್ನು ಒಳಗೊಳಗೇ ತಿಂದುಹಾಕುತ್ತದೆ. ಪ್ರತಿ ಜೋಡಣೆಗೂ ಕ್ಲಿಪ್ಪು. ನೀರು ಹಾಕುವ ಮೊದಲು ಗಾಳಿ ತುಂಬಿ ನೋಡಬೇಕು. ಗಾಳಿ ಸೋರಿದರೆ ಯಾರಿಗೂ ನಷ್ಟವಿಲ್ಲ, ನೀರು ಸೋರಿದರೆ ಕಂಪ್ಯೂಟರ್ ಹೋಯಿತು.

ಆ ಗಾಳಿ ಪರೀಕ್ಷೆಗೇ ಬಿ.ಪಿ. ಸಾಧನ. ತೋಳಿಗೆ ಸುತ್ತುವ ಪಟ್ಟಿ ತೆಗೆದಿಟ್ಟು, ಅದರ ರಬ್ಬರ್ ಕೊಳವೆಯನ್ನು ನಮ್ಮ ಕೊಳವೆಗೆ ಸಿಕ್ಕಿಸಿದೆ. ಉಳಿದ ಬಾಯಿ ಎಲ್ಲ ಮುಚ್ಚಿದೆ. ರಬ್ಬರ್ ಗುಂಡು ಒತ್ತಿದೆ. ಗಡಿಯಾರದಂಥ ಮುಖದ ಮೇಲೆ ಮುಳ್ಳು ಏರಿತು. ಇನ್ನೂರೈವತ್ತಕ್ಕೆ ನಿಲ್ಲಿಸಿ ಸ್ಕ್ರೂ ತಿರುಗಿಸಿದೆ.

"ಇನ್ನ ಯಾರೂ ಮುಟ್ಟಬ್ಯಾಡ್ರಿ," ಎಂದೆ.

ಮೂವರೂ ಮುಳ್ಳನ್ನು ನೋಡುತ್ತ ಕೂತೆವು. ಮೊದಲು ನಿಂತಂತೆ ಕಂಡಿತು. ಆಮೇಲೆ ಹುಡುಗಿ ಮೇಜಿನ ಮೇಲೆ ಬಾಗಿದಳು. ಮುಳ್ಳು ಇಳಿಯುತ್ತಿತ್ತು. ಸಾವಕಾಶ, ಆದರೆ ಇಳಿಯುತ್ತಿತ್ತು.

ಸೋಪಿನ ನೊರೆ ತಂದು ಜೋಡಣೆಗಳಿಗೆ ಒಂದೊಂದಾಗಿ ಹಚ್ಚಿದೆ. ಕ್ಲಿಪ್ಪುಗಳಲ್ಲಿ ಏನೂ ಇಲ್ಲ. ಪಂಪಿನಲ್ಲಿ ಇಲ್ಲ. ಟ್ಯಾಂಕಿನ ಬುಡದಲ್ಲಿ, ತಿರುಪು ಕೂರುವ ಕಡೆ, ಸಣ್ಣ ಗುಳ್ಳೆ ಎದ್ದು ಒಡೆಯಿತು. ಮತ್ತೊಂದು ಎದ್ದಿತು. ಕನ್ನಡಕ ಏರಿಸಿ ನೋಡಿದೆ. ಹಳೆಯ ಪಿಂಗಾಣಿ ಬಸಿಯ ಮೇಲೆ ಬಿಡುತ್ತವಲ್ಲ, ಅಂಥ ಕೂದಲೆಳೆಯ ಗೆರೆಗಳು ತಿರುಪಿನ ಸುತ್ತ ಬಲೆಯಂತೆ ಹಬ್ಬಿದ್ದವು.

"ನಿನ್ನೆ ಇರಲಿಲ್ಲಲಾ, ದೊಡ್ಡವ್ವ," ಹುಡುಗಿ ಅಂದಳು. "ನಾ ಡಬ್ಬ್ಯಾಗಿಂದ ತಗದಾಗ ಕನ್ನಡಿ ಇದ್ದಂಗ ಇತ್ತು."

ಟ್ಯಾಂಕಿನ ಡಬ್ಬಿಯಲ್ಲಿದ್ದ ಚೀಟಿ ಬಿಡಿಸಿದೆ. ಸ್ಪಿರಿಟ್ ಹಚ್ಚಿ ಒರೆಸಬಾರದು ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಹಿಂದಿನ ಸಂಜೆ ನಾನು ಏನು ಮಾಡಿದ್ದೆ? ಥಿಯೇಟರಿನವಳು ಏನು ಮಾಡುತ್ತಾಳೋ ಅದನ್ನೇ. ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿ ಟ್ಯಾಂಕಿನ ಒಳಗೆ, ಹೊರಗೆ, ತಿರುಪಿನ ಸಂದಿಯಲ್ಲೂ ಬಿಡದೆ ಒರೆಸಿದ್ದೆ. ಆ ನಮೂನೆಯ ಪ್ಲಾಸ್ಟಿಕ್ ತಿರುಪಿನ ಬಿಗಿತದಲ್ಲಿರುವಾಗ ಸ್ಪಿರಿಟ್ ಕುಡಿದರೆ ಸೀಳುತ್ತದೆ.

"ಸ್ಪಿರಿಟ್. ನಾನ ಹಚ್ಚೀನಿ," ಎಂದೆ. ತಪ್ಪು ಕಂಡ ಕ್ಷಣವೇ ಗಟ್ಟಿಯಾಗಿ ಹೇಳಿಬಿಡುವುದೂ ಥಿಯೇಟರಿನ ಪದ್ಧತಿ. ಹೇಳಿದರೆ ಮುಂದಿನ ಕೆಲಸ ಶುರುವಾಗುತ್ತದೆ.

ತಮ್ಮ ಇದಕ್ಕೇ ಕಾಯುತ್ತಿದ್ದ. "ಅಂದ್ರ ಪೇಶಂಟು ನಿನ್ನ ಸ್ವಚ್ಛತಾಕ್ಕ ಹೋತು."

"ಟ್ಯಾಂಕು ಹೋತು. ಪೇಶಂಟ್ ಇನ್ನೂ ಅದಾನ."

"ಪ್ಲಂಬರ್ ಹಚ್ಚತಾನಲ್ಲ, ಆ ಸೀಲಿನ ಮುದ್ದಿ ಐತಿ ನನ್ನ ಕಡೆ. ಕಲಸಿ ಮೆತ್ತಿ ಬಿಡೋಣು. ಸಂಜೀತನಕ ತಡದ್ರ ಸಾಕಲ್ಲ?"

"ಹೊಲಿಗಿ ಬಿಚ್ಚಿದ ಗಾಯಕ್ಕ ಪಟ್ಟಿ ಹಚ್ಚಿ ಮನಿಗೆ ಕಳಿಸೂದು ನನ್ನ ಕಡೆ ಆಗೂದಿಲ್ಲ. ಸಂಜೀತನಕ ಅಲ್ಲ, ಮುಂದಿನ ಸಂಜೀಗೂ ತಡೀಬೇಕು."

ಹುಡುಗಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಚಿತ್ರವನ್ನು ಕೊನೆಯ ರೂಪಕ್ಕೆ ತರಲು ಯಂತ್ರ ಮಧ್ಯಾಹ್ನದಿಂದ ಸಂಜೆವರೆಗೆ ಎಡೆಬಿಡದೆ ಓಡಬೇಕು. ಬೇರೆ ಟ್ಯಾಂಕು ತರಿಸಲು ದಿನಗಳೇ ಬೇಕು. ಅವಳು ಅಳಲಿಲ್ಲ, ಆದರೆ ಚಾದರವನ್ನು ಮಡಚತೊಡಗಿದಳು.

ನಾನು ಒಡೆದ ಟ್ಯಾಂಕನ್ನು ಕೈಯಲ್ಲಿ ಹಿಡಿದು ಯೋಚಿಸಿದೆ. ಇದರ ಕೆಲಸವಾದರೂ ಏನು? ನೀರು ತುಂಬಲು ಒಂದು ಬಾಯಿ, ಒಳಗೆ ಉಳಿದ ಗಾಳಿ ಮೇಲೆ ಬಂದು ಸೇರಲು ಒಂದು ಜಾಗ. ಸಲೈನ್ ಹಚ್ಚುವಾಗ ಕೊಳವೆಯ ಗಾಳಿಯನ್ನು ಹೊರದಬ್ಬುವುದು ನನ್ನ ಕೈಗೆ ಉಸಿರಾಟದಷ್ಟು ಅಭ್ಯಾಸ. ಗಾಳಿಗೆ ಅರಮನೆ ಬೇಕಿಲ್ಲ, ಎತ್ತರ ಬೇಕು. ಪಂಪಿನ ಮುಂದೆ ಮೂರು ಬಾಯಿಯ ಒಂದು ಹಿತ್ತಾಳೆ ತುಂಡು ಹಾಕಿ, ಮೂರನೆಯ ಬಾಯಿಗೆ ಉದ್ದ ಕೊಳವೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದರೆ ಮುಗಿಯಿತು. ಜೋಡಣೆಯೂ ಕಡಿಮೆ, ಸೋರುವ ಜಾಗವೂ ಕಡಿಮೆ.

"ಟ್ಯಾಂಕು ಬ್ಯಾಡ. ನಿಂತ ಕೊಳವಿ ಸಾಕು."

"ಹಂಗಾದ್ರ ಮೊದಲ ಯಾಕ ತರಿಸಿದಿ?" ತಮ್ಮ ಕೇಳಿದ.

"ಛಂದ ಕಾಣತಿತ್ತು, ಮಾಮಾ," ಹುಡುಗಿ ಅಂದಳು. ಆ ಬೆಳಿಗ್ಗೆ ಅವಳು ಮೊದಲ ಸಲ ನಕ್ಕಳು.

ಎಲ್ಲವನ್ನೂ ತಮ್ಮನ ಕಾರಿಗೆ ತುಂಬಿದೆವು. ಖಾನಾಪುರದ ದಾರಿ ಒಂದು ದಿಕ್ಕು, ಆಟೋ ನಗರ ಊರಿನ ಇನ್ನೊಂದು ತುದಿ. ತಮ್ಮ ಗೊಣಗುತ್ತಲೇ ಆ ತುದಿಗೆ ಓಡಿಸಿದ. ಅಲ್ಲಿ ಗಾಡಿಗಳ ರೇಡಿಯೇಟರ್ ರಿಪೇರಿ ಮಾಡುವವನ ಹತ್ತಿರವೇ ನಾನು ಹಿಂದಿನ ವಾರ ನಮ್ಮ ರೇಡಿಯೇಟರ್ ಕೊಂಡಿದ್ದೆ. ಹಳೆಯ ಕಾರಿನಲ್ಲಿ ಚಳಿಗೆ ಬಿಸಿ ಗಾಳಿ ಕೊಡುವ ಹೀಟರಿನ ತಾಮ್ರದ ಜಾಲರಿ ಅದು. ಭಾನುವಾರ ಅವನ ಅಂಗಡಿ ಅರ್ಧ ಬಾಗಿಲು.

"ಬರ್ರಿ ಬಾಯಾರ," ಎಂದು ಗೌರವದಿಂದ ಕರೆದ. "ಹೀಟರ್ ಒಯ್ದು ತಂಪು ಮಾಡಾಕ ಹಚ್ಚತೀನಿ ಅಂದ್ರಿ. ಏನಾತು, ಬಿಸಿನ ಕೊಡಾಕತ್ತೈತೇನು?"

"ನಿನ್ನ ಹೀಟರ್ ಶಾಣ್ಯಾ ಐತಿ. ಹಿತ್ತಾಳಿದು ಮೂರು ಬಾಯಿ ತುಂಡು ಬೇಕು, ಈ ಕೊಳವಿಗೆ ಕೂಡೂದು."

ಅವನು ತಗಡಿನ ಡಬ್ಬಿ ಸುರುವಿ ಹುಡುಕಿದ. ಮೊದಲು ಕೊಟ್ಟದ್ದು ಅಲ್ಯುಮಿನಿಯಂ. "ಹಗರ ಐತ್ರಿ, ಹೊಸಾದು ಐತಿ."

"ಹೊಸಾದು ಬ್ಯಾಡ. ಹಿತ್ತಾಳಿ."

"ಹಿತ್ತಾಳಿದು ಹಳೇದು ಐತಿ ನೋಡ್ರಿ, ಕಪ್ಪಾಗೈತಿ."

"ನಾನೂ ಹಳೇದ ಇದೀನಿ. ಕೊಡು."

ಅವನ ಕಟ್ಟೆಯ ಮೇಲೆಯೇ ಬಿಳಿ ಬಟ್ಟೆ ಹಾಸಿದೆ. ತುಂಡನ್ನು ಹುಣಸೆಹಣ್ಣಿನಿಂದ ಉಜ್ಜಿ, ತೊಳೆದು, ಒರೆಸಿದೆ. ಸ್ಪಿರಿಟ್ಟಿನ ಬಾಟಲಿಗೆ ಕೈ ಹೋಗಿದ್ದು ನಿಜ. ತಮ್ಮ ಅದನ್ನು ಕಂಡು ಬಾಟಲಿ ತೆಗೆದು ತನ್ನ ಕಿಸೆಗೆ ಹಾಕಿಕೊಂಡ. ಹಿತ್ತಾಳೆಗೆ ಸ್ಪಿರಿಟ್ಟಿನಿಂದ ಏನೂ ಆಗುವುದಿಲ್ಲ ಎಂದು ಹೇಳಿದರೂ ತಿರುಗಿ ಕೊಡಲಿಲ್ಲ.

ಕ್ಲಿಪ್ಪು ಬಿಗಿದು ಗುಂಡು ಒತ್ತಿದೆ. ಬಾಜು ಅಂಗಡಿಯ ಮಂದಿ ಚಹಾ ಹಿಡಿದು ಬಂದು ನಿಂತರು. ಬಾಯಾರು ರೇಡಿಯೇಟರಿನ ಬಿ.ಪಿ. ನೋಡಾಕತ್ತಾರ ಎಂದು ಒಬ್ಬ ಮತ್ತೊಬ್ಬನನ್ನು ಕರೆದ. ಸಕ್ಕರಿ ಐತೇನು ಅದನ್ನೂ ನೋಡ್ರಿ ಎಂದ ಆ ಮತ್ತೊಬ್ಬ. ನಾನು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಚಹಾ ಮುಗಿಯಿತು, ಮಾತು ಮುಗಿಯಿತು, ಮಂದಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಮುಳ್ಳು ಇಟ್ಟ ಕಡೆಯೇ ಇತ್ತು.

ಖಾನಾಪುರ ತಲುಪಿದಾಗ ಬಿಸಿಲು ಬಲಿತಿತ್ತು. ಕೋಣೆಯ ಬಾಗಿಲಿಗೆ ಹೋಗಲು ಚೀಲಗಳ ಸಂದಿಯಲ್ಲಿ ಒಬ್ಬೊಬ್ಬರಾಗಿ ಅಡ್ಡ ತಿರುಗಿ ನುಸುಳಬೇಕು. ಭಾವ ಕಾರ್ಖಾನೆಯ ಕಟ್ಟೆಯ ಮೇಲೆ ಕೂತಿದ್ದರು. ದೊಡ್ಡ ಆಳು, ಸಭ್ಯ ಮಾತು.

"ಬರ್ರಿ ಅಕ್ಕಾರ, ಕುಂದರ್ರಿ. ನೀರು ಬೇಕೇನು, ಇಲ್ಲಾ ನಿಮ್ಮ ಸಂಗಾಟ ತಂದೀರೇನು?"

"ತಂದೀವಿ. ನಿಮ್ಮ ಚೀಲ ಸ್ವಲ್ಪ ಆ ಕಡೆ ಸರಸಿದ್ರ ಒಳಗ ಒಯ್ಯತೀವಿ."

"ನಾಳಿ ಹೆಂಗೂ ಸರಸಾವರು ಇದೀವಲ್ರಿ, ಒಳಗ."

"ನಾಳಿ ಸರಸ್ರಿ. ಯಾವ ಕಡೆ ಅನ್ನೂದು ಸಂಜೀಗೆ ನೋಡೋಣು."

ಗೋಡೆಯ ತೂತನ್ನು ಹುಡುಗಿಯ ಗಂಡ ಮದುವೆಯೊಂದಕ್ಕೆ ಹೊರಡುವ ಮೊದಲೇ ಕೊರೆದಿಟ್ಟಿದ್ದ. ಹೊರಗೆ ನೆರಳಿನಲ್ಲಿ ರೇಡಿಯೇಟರನ್ನೂ ಪಂಖಾವನ್ನೂ ಕೂರಿಸಿದೆವು. ಒಳಗೆ ಸ್ಟೀಲಿನ ತಟ್ಟೆಯಲ್ಲಿ ಪಂಪು, ಕಿಟಕಿಯ ಕಟ್ಟಿಗೆಗೆ ಕಟ್ಟಿ ನಿಲ್ಲಿಸಿದ ಕೊಳವೆ. ಕೊಳವೆಗಳನ್ನು ಪೆಟ್ಟಿಗೆಯ ಹಿಂದಿನ ತೂತಿಗೆ ನೇರ ಎಳೆಯಲು ಹೋದೆ. ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದ ತಮ್ಮ ಮುಂದೆ ಬಂದ.

"ಹಂಗಲ್ಲ. ಬಿಡು."

ಅವನು ಕೊಳವೆಯನ್ನು ಪೆಟ್ಟಿಗೆಯ ಮಟ್ಟಕ್ಕಿಂತ ಕೆಳಗೆ ಜೋತುಬಿಟ್ಟು, ಅಲ್ಲಿಂದ ಮೇಲೆ ತಿರುಗಿಸಿ ಒಳಗೆ ಹಾಯಿಸಿದ. ಕಂಬದಿಂದ ಮನೆಗೆ ಬರುವ ತಂತಿಯನ್ನು ಹಾಗೇ ಬಿಡುತ್ತಾರೆ. ಮಳೆಯ ನೀರು ತಂತಿ ಹಿಡಿದು ಬಂದರೂ ಆ ಬಾಗಿನ ಬುಡದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹೋಗುವುದಿಲ್ಲ.

"ನೀರು ಕರೆಂಟು ಒಂದ ಕಡೆ ಬರಬಾರದು ಅಂತಿದ್ದಿ," ಎಂದೆ.

"ಬರಬಾರದು ಅಂತ ಈಗೂ ಅಂತೀನಿ. ಬಂದಾವಲ್ಲ, ಏನ ಮಾಡ್ಲಿ."

ಈಗ ಸುತ್ತು ಪೂರ್ತಿಯಾಗಿತ್ತು. ಮತ್ತೆ ಗಾಳಿ ಪರೀಕ್ಷೆ. ದಾರಿಯ ಕುಲುಕಾಟದಲ್ಲಿ ಏನಾದರೂ ಸಡಿಲಾಗಿರಬಹುದು. ಭಾವ ಒಳಗೆ ಬಂದು ಕುರ್ಚಿಯ ಮೇಲೆ ಕೂತು ಮುಳ್ಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅದು ಅಲುಗಲಿಲ್ಲ.

"ಅಕ್ಕಾರ, ಇದರದು ಆತಲ್ಲ. ನನ್ನದೂ ಒಮ್ಮಿ ನೋಡಿಬಿಡ್ರಿ. ಯಾರೂ ನೋಡೇ ಇಲ್ಲ."

ಪಟ್ಟಿ ಸಿಕ್ಕಿಸಿ ಅವರ ತೋಳಿಗೆ ಸುತ್ತಿದೆ. ನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದೆ.

"ಯಂತ್ರದ್ದು ಇಳೀಬಾರದು. ಅದು ಇಳೀಲಿಲ್ಲ. ನಿಮ್ಮದು ಇಳೀಬೇಕು. ನಾಳಿ ಚೀಲ ಹೊರೂದು ಬಿಟ್ಟು ದವಾಖಾನಿಗೆ ಹೋಗ್ರಿ."

"ಮಗಳ ಪರವಾಗಿ ಸುಳ್ಳು ಹೇಳಾಕತ್ತೀರೇನು?"

"ಈ ಮುಳ್ಳಿಗೆ ಮಗಳು ಯಾರು, ಭಾವ ಯಾರು ಗೊತ್ತಿಲ್ಲ. ಉಪ್ಪಿನಕಾಯಿ ಕಡಿಮಿ ಮಾಡ್ರಿ."

ಅವರು ಮಡಚಿದ ಅಂಗಿಯ ತೋಳನ್ನು ಇಳಿಸಿಕೊಂಡರು.

ಆಮೇಲೆ ನೀರು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ, ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಔಷಧಿಯ ಕೆಲವು ಹನಿ ಬೆರೆಸಿದೆ. ಪಾಚಿ ಕಟ್ಟುವುದಿಲ್ಲ. ಸೋರಿದರೆ ಬಿಳಿ ಬಟ್ಟೆಯ ಮೇಲೆ ನೇರಳೆ ಕಲೆ ಬೀಳುತ್ತದೆ, ಅಡಗಿಕೊಳ್ಳಲಾರದು. ಗಾಯಕ್ಕೆ ಇಡುವ ಗಾಜ್ ಬಟ್ಟೆಯ ತುಂಡುಗಳನ್ನು ಎಣಿಸಿ, ಪ್ರತಿ ಜೋಡಣೆಯ ಕೆಳಗೆ ಒಂದೊಂದು ಇಟ್ಟೆ. ಕಂಪ್ಯೂಟರಿಗೆ ಕರೆಂಟ್ ಕೊಡದೆ ಪಂಪನ್ನಷ್ಟೇ ಓಡಿಸಿದೆವು. ಕೊಳವೆಯಲ್ಲಿ ನೇರಳೆ ಬಣ್ಣ ಮುಂದೆ ಸರಿಯಿತು. ಗುಳ್ಳೆಗಳು ರೇಡಿಯೇಟರಿನಲ್ಲಿ ಸಿಕ್ಕಿಕೊಂಡು ಗುಳುಗುಳು ಎಂದವು. ಹುಡುಗಿ ಹೊರಗೆ ಹೋಗಿ ಅದನ್ನು ಅತ್ತ ಇತ್ತ ವಾಲಿಸಿ ಬೆರಳಿನಿಂದ ತಟ್ಟಿದಳು. ಗಾಳಿ ನೆಟ್ಟಗೆ ನಿಲ್ಲಿಸಿದ ಕೊಳವೆಗೆ ಬಂದು ಮೇಲೆ ಹೋಯಿತು. ಸದ್ದು ಅಡಗಿತು.

ಊಟ ಮುಗಿಸಿ ಬಂದು ಗಾಜ್ ತುಂಡುಗಳನ್ನು ನೋಡಿದೆ. ಎಲ್ಲವೂ ಬಿಳಿ, ಎಲ್ಲವೂ ಒಣ. "ಹಚ್ಚು," ಎಂದೆ. ಅವಳು ಕಂಪ್ಯೂಟರ್ ಹಚ್ಚಿ ಚಿತ್ರದ ಕೊನೆಯ ಕೆಲಸಕ್ಕೆ ಬಿಟ್ಟಳು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಕಾಣುತ್ತಿತ್ತು. ಅದು ಏರಿತು, ಇನ್ನಷ್ಟು ಏರಿತು, ಆಮೇಲೆ ಏರುವುದು ಬಿಟ್ಟಿತು. ಪ್ರತಿ ಮಧ್ಯಾಹ್ನ ಯಂತ್ರ ಸಾಯುತ್ತಿದ್ದ ಹೊತ್ತು ಬಂತು. ತಗಡಿನ ಮಾಡು ಟಕಟಕ ಎನ್ನುತ್ತಿತ್ತು. ನಾವು ಬೆವರುತ್ತಿದ್ದೆವು. ಅಂಕಿ ಅಲ್ಲೇ ನಿಂತಿತ್ತು.

ಚಿತ್ರ ಅರ್ಧ ದಾಟಿರಬೇಕು. ಭಾವ ಬಾಗಿಲಲ್ಲಿ ನಿಂತು ಬೆರಳು ತೋರಿಸಿದರು.

"ಅಕ್ಕಾರ, ಅಲ್ಲಿ ನೋಡ್ರಿ."

ಕಿಟಕಿಯ ಕೆಳಗೆ, ಮೂರು ಬಾಯಿಯ ತುಂಡಿನಡಿ ಇಟ್ಟ ಗಾಜ್ ಒದ್ದೆಯಾಗಿತ್ತು. ನಾನು ನೋಡುತ್ತಿದ್ದಂತೆ ಇನ್ನೊಂದು ಹನಿ ಅದರ ಮೇಲೆ ಬಿತ್ತು.

ಹುಡುಗಿಯ ಕೈ ಸ್ವಿಚ್ಚಿನ ಕಡೆ ಹೋಯಿತು. ಬಂದ್ ಮಾಡಿದರೆ ಅಲ್ಲಿಯವರೆಗಿನ ಕೆಲಸ ಹೋಯಿತು, ಮೊದಲಿನಿಂದ ಶುರು ಮಾಡಲು ಸಂಜೆಯೊಳಗೆ ಹೊತ್ತು ಸಾಲದು.

"ಬಂದ್ ಮಾಡವಾ," ತಮ್ಮ ಅಂದ. "ಹೋದ್ರ ಹೋಗ್ಲಿ. ಶಾಕ್ ಹೊಡಿಸಿಕೊಳ್ಳೂದು ಬ್ಯಾಡ."

"ಕೈ ತಗಿ," ಎಂದೆ.

ಗಾಜ್ ತುಂಡನ್ನು ಎತ್ತಿ ಬೆಳಕಿಗೆ ಹಿಡಿದೆ. ಒದ್ದೆ ನಿಜ. ಆದರೆ ಬಿಳಿ. ನೇರಳೆಯ ಗುರುತೇ ಇಲ್ಲ. ನಮ್ಮ ನೀರು ಹೀಗೆ ಬಣ್ಣ ಬಿಟ್ಟು ಹೊರಬರಲಾರದು. ಹನಿ ಬಿದ್ದ ದಾರಿಯನ್ನು ಬೆರಳಿನಿಂದ ಹಿಂದಕ್ಕೆ ಹಿಡಿದು ಹೋದೆ: ಹಿತ್ತಾಳೆಯ ತುಂಡು ಒಣ, ಅದರ ಮೇಲಿನ ಕೊಳವೆ ಒಣ, ಕಿಟಕಿಯ ಕಟ್ಟಿಗೆ ಒದ್ದೆ. ಕಿಟಕಿಯ ಮೂಲೆಯಲ್ಲಿ ಕುಡಿಯುವ ನೀರಿನ ಗಡಿಗೆ ಕೂತಿತ್ತು. ಕೆಂಪು ಮಣ್ಣಿನದು, ಹೊಸದು, ಮೈಯೆಲ್ಲ ಬೆವತು ಬುಡದಲ್ಲಿ ನೀರು ಕೂಡಿತ್ತು.

"ಈ ಗಡಿಗಿ ಯಾರದು?"

"ನಮ್ಮದ ಭಟ್ಟಿದು," ಭಾವ ಅಂದರು. "ಖಾನಾಪುರ ಮಣ್ಣು ಅಕ್ಕಾರ. ಬೆವರೂದನ ಅದರ ಗುಣ. ಬೆವತ್ರನ ನೀರು ತಂಪು."

"ಗುಣ ಭಾಳ ಛಲೋ ಐತಿ. ಮುಂಜಾನಿಂದ ನಾವು ಮೂರು ಮಂದಿ ಸೋರಬಾರದು ಅಂತ ಒದ್ದಾಡಾಕತ್ತೀವಿ. ಈ ಖೋಲ್ಯಾಗ ಸೋರೂದು ಒಂದ ವಸ್ತು. ಅದು ನಿಮ್ಮ ಕಾರ್ಖಾನಿದು."

ತಮ್ಮ ಮುಖ ಗೋಡೆಯ ಕಡೆ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು. ಭಾವ ಗಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ತಾವೇ ಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಒಯ್ದು ಚೀಲಗಳ ಮೇಲೆ ಇಟ್ಟರು. ನಾನು ಕಿಟಕಿ ಒರೆಸಿ ಹೊಸ ಗಾಜ್ ಇಟ್ಟೆ. ಹಳೆಯದನ್ನು ಬೇರೆ ಬಟ್ಟಲಲ್ಲಿ ಹಾಕಿದೆ.

ಬಿಸಿಲು ಇಳಿಯುವ ಹೊತ್ತಿಗೆ ಚಿತ್ರ ಮುಗಿಯಿತು. ಹೆಣ್ಣಿನ ತಾಯಿ ಮತ್ತು ಸೋದರಮಾವ ಬಂದಾಗ ಹುಡುಗಿ ಅವರನ್ನು ಕೂರಿಸಿ, ವಧೂವರರ ಮೇಲೆ ಅಕ್ಕಿಕಾಳು ಬೀಳುವ ಭಾಗವನ್ನು ಹಚ್ಚಿ ತೋರಿಸಿದಳು. ತಾಯಿ ಮರಾಠಿಯಲ್ಲಿ ಏನೋ ಅಂದು ಕಣ್ಣೊರೆಸಿಕೊಂಡಳು. ಸೋದರಮಾವ ಚಿತ್ರದಲ್ಲಿ ತಾನು ಎಷ್ಟು ಸಲ ಕಂಡೆನೆಂದು ಎಣಿಸುತ್ತಿದ್ದ. ಯಂತ್ರದ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ಕೇಳದೇ ಇರುವುದೇ ಸರಿ. ಥಿಯೇಟರಿನಿಂದ ಹೊರಬಂದವರೂ ಹಾಗೇ ಇರುತ್ತಿದ್ದರು.

ಅವರು ಹೋದ ಮೇಲೆ ಹೊರಗೆ ಚೀಲ ಎಳೆಯುವ ಸದ್ದು ಕೇಳಿತು. ಹುಡುಗಿಯ ಮುಖ ಬಿಗಿಯಿತು. ನಾನು ಬಾಗಿಲಿಗೆ ಹೋದೆ. ಇಬ್ಬರು ಆಳುಗಳು ಚೀಲಗಳನ್ನು ಅಂಗಳದ ಆಚೆ ಬದಿಗೆ, ಭಟ್ಟಿಯ ಮಾಡಿನ ಕೆಳಗೆ ಒಯ್ಯುತ್ತಿದ್ದರು. ಭಾವ ಪಕ್ಕದಲ್ಲಿ ನಿಂತಿದ್ದರು, ತಾವು ಒಂದನ್ನೂ ಮುಟ್ಟದೆ.

"ನೀವ ಹೊರಬ್ಯಾಡ ಅಂದ್ರಲ್ಲ," ಅಂದರು ನನ್ನನ್ನು ಕಂಡು. ಆಮೇಲೆ ಕೋಣೆಯ ಹಿಂಗೋಡೆಯ ಕಡೆ ನೋಡಿ, "ಆ ತೂತಿನ ಸುತ್ತ ಸಂದಿ ಐತಿ. ಹಲ್ಲಿ ಬರತಾವ. ನಾಳಿ ಗೌಂಡಿಗೆ ಹೇಳಿ ಸಿಮೆಂಟ್ ಹಚ್ಚಸ್ತೀನಿ," ಅಂದರು.

"ನಾಳಿ ಮೊದಲ ದವಾಖಾನಿ. ಆಮ್ಯಾಲೆ ಸಿಮೆಂಟು."

"ಆತ್ರಿ, ಅಕ್ಕಾರ."

ತಮ್ಮ ಕಾರು ತಿರುಗಿಸಿ ನಿಲ್ಲಿಸಿ ಹಾರ್ನ್ ಹಾಕಿದ. ನಾನು ಹೊರಡಲಿಲ್ಲ. ಕೆಲಸ ಇನ್ನೂ ಒಂದು ಇತ್ತು. ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಜೋಡಣೆಗಳ ಕೆಳಗಿನ ಗಾಜ್ ತುಂಡುಗಳನ್ನು ಒಂದೊಂದಾಗಿ ತೆಗೆದೆ. ಥಿಯೇಟರಿನಲ್ಲಿ ಹೊಲಿಗೆ ಹಾಕುವ ಮೊದಲು ಮಾಡುವಂತೆ, ನಾನು ಎಣಿಸಿದೆ, ಅವಳು ಮತ್ತೆ ಎಣಿಸಿದಳು. ಗಡಿಗೆಯ ನೀರಿಗೆ ಒದ್ದೆಯಾದದ್ದೂ ಸೇರಿ ಇಟ್ಟಷ್ಟೂ ಬಂದವು. ನೇರಳೆ ಕಲೆ ಒಂದರ ಮೇಲೂ ಇರಲಿಲ್ಲ. ಅವುಗಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ, ಬಿ.ಪಿ. ಸಾಧನದ ಗಾಳಿ ಪೂರಾ ಬಿಟ್ಟು ಪಟ್ಟಿ ಸುತ್ತಿ ಡಬ್ಬಿಯಲ್ಲಿಟ್ಟೆ, ಮುಚ್ಚಳ ಹಾಕಿದೆ, ಕೈ ತೊಳೆದುಕೊಂಡೆ.